ಪಲ್ಪಿಂಗ್ ನಾತ ಅಳೆಯೋದು ಹೇಗೆ? ಕೊಡಗಿನ ಊರುಗಳಿಗೆ ಯಾವ ವಿಧಾನ ಹೊಂದುತ್ತೆ, ಯಾವುದು ದಂಡ

ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದಾಗಿನಿಂದ ಮಾರ್ಚ್‌ನಲ್ಲಿ ರೊಬಸ್ಟಾ ಮುಗಿಯುವವರೆಗೆ ಪಲ್ಪರ್, ಅಂದರೆ ನೀರು ಹಾಯಿಸಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಇರುವ ಊರುಗಳ ಗ್ರಾಮಸಭೆಯಲ್ಲಿ ಒಂದು ದೂರು ಖಾಯಂ: ತೋಡಿನ ನೀರು ಕಪ್ಪಾಗಿದೆ, ರಾತ್ರಿ ನಾತಕ್ಕೆ ಕಿಟಕಿ ತೆಗೆಯೋ ಹಾಗಿಲ್ಲ. ಅದಕ್ಕೆ ಸಿಗುವ ಉತ್ತರವೂ ಖಾಯಂ: "ವಾಸನೆಗೆ ಅಳತೆ ಏನಿದೆ? ಎಷ್ಟು ಅಂತ ಬರೆದುಕೊಳ್ಳೋದು?"

ಅಳತೆ ಇದೆ. ಒಂದಲ್ಲ, ಏಳೆಂಟು ಬಗೆ ಇವೆ. ಕೆಲವಕ್ಕೆ ಲಕ್ಷಗಟ್ಟಲೆ ಬೇಕು, ಕೆಲವಕ್ಕೆ ಒಂದು ನೋಟ್‌ಬುಕ್ ಸಾಕು. ದುಡ್ಡು ಹೆಚ್ಚಾದಷ್ಟೂ ಉತ್ತರ ಗಟ್ಟಿ ಎಂದು ತಿಳಿಯುವವರೇ ಹೆಚ್ಚು. ನಮ್ಮ ಜಿಲ್ಲೆಯ ಮಟ್ಟಿಗೆ ಅದು ನಿಜವಲ್ಲ, ಯಾಕೆ ಎಂಬುದೇ ಈ ಬರಹ. ನಾನೂ ಕಾಫಿ ಬೆಳೆಯುವವನೇ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡುವ ಜಿಲ್ಲೆಯಲ್ಲಿ ಪಲ್ಪರ್ ಇಟ್ಟವರನ್ನೆಲ್ಲ ಕಟಕಟೆಗೆ ಹತ್ತಿಸುವ ಉದ್ದೇಶ ನನಗಿಲ್ಲ. ಸರಿಯಾದ ಅಳತೆ ಇದ್ದರೆ ನೀರು ಶುದ್ಧಮಾಡಿ ಬಿಡುವ ತೋಟದವರ ಹೆಸರೂ ಉಳಿಯುತ್ತೆ.

ನಾತ ಎಲ್ಲಿ ಹುಟ್ಟುತ್ತೆ, ಯಾವಾಗ ಇಳಿಯುತ್ತೆ

ವಿಧಾನ ಆರಿಸುವ ಮೊದಲು ಇದು ಗೊತ್ತಿರಬೇಕು. ಹಣ್ಣಿನ ಸಿಪ್ಪೆ ಮತ್ತು ಬೀಜದ ಮೇಲಿನ ಲೋಳೆಯಲ್ಲಿ ಸಕ್ಕರೆ, ಪೆಕ್ಟಿನ್ ತುಂಬಿರುತ್ತೆ. ಅದೆಲ್ಲ ಪಲ್ಪಿಂಗ್ ನೀರಿಗೆ ಇಳಿದು ಹೊಂಡ ಸೇರುತ್ತೆ. ಮೊದಲೆರಡು ದಿನ ಹುಳಿಹೆಂಡದ ವಾಸನೆ, ಅದು ಅಷ್ಟೇನೂ ತೊಂದರೆ ಕೊಡುವುದಿಲ್ಲ. ಆಮೇಲೆ ಸಕ್ಕರೆ ಆಮ್ಲವಾಗಿ ನೀರಿನ ಪಿಎಚ್ 4ರ ಹತ್ತಿರಕ್ಕೆ ಕುಸಿಯುತ್ತೆ. ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳು ಏಳುತ್ತವೆ. ನೀರಲ್ಲಿದ್ದ ಆಮ್ಲಜನಕ ಮುಗಿದ ಮೇಲೆ ಬ್ಯಾಕ್ಟೀರಿಯಾ ಸಲ್ಫೇಟ್‌ಗೆ ಕೈ ಹಾಕುತ್ತವೆ, ಆಗ ಬರುವುದು ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ನಾತ. ಹೊಂಡಕ್ಕೆ ಹೊತ್ತಿಗೆ ಸರಿಯಾಗಿ ಸುಣ್ಣ ಬಿದ್ದು, ನೀರು ಹಂತಹಂತವಾಗಿ ಶುದ್ಧವಾಗುತ್ತಿದ್ದರೆ ಈ ಸ್ಥಿತಿಗೆ ಬರುವುದೇ ಅಪರೂಪ.

ಇನ್ನು ಹೊತ್ತಿನ ವಿಷಯ. ಡಿಸೆಂಬರ್, ಜನವರಿಯ ರಾತ್ರಿ ಆಕಾಶ ನಿರ್ಮಲ, ಗಾಳಿ ಇಲ್ಲ. ನೆಲ ತಣಿದು, ಅದಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗಿ ಇಳಿಜಾರಿನಲ್ಲಿ ತೋಡಿನ ಗುಂಟ ಗದ್ದೆ ಬಯಲಿಗೆ ಇಳಿಯುತ್ತೆ. ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಿಕೊಂಡಿರುವುದರಿಂದ ಕೆಳಗಿನದು ಮೇಲೇಳುವ ಹಾಗಿಲ್ಲ. ಬೆಳಗಿನ ಜಾವ ಗದ್ದೆಯಲ್ಲಿ ಮಂಜು ಎಲ್ಲಿ ನಿಂತಿರುತ್ತೋ ನಾತವೂ ಅಲ್ಲೇ ನಿಂತಿರುತ್ತೆ. ಬಿಸಿಲು ಬಲಿತು ಮಂಜು ಹರಿದರೆ ಅದೂ ಚದುರಿತು. ಇಲಾಖೆಯ ಜೀಪು ಬರುವುದು ಹನ್ನೊಂದೂವರೆಗೆ.

"ಏನಜ್ಜಾ, ಈಗ ಏನೂ ವಾಸನೆ ಇಲ್ವಲ್ಲ?"

"ಬೆಳಗ್ಗೆ ಐದಕ್ಕೆ ಬನ್ನಿ ಸಾರ್."

ಯಾವ ಯಂತ್ರ, ಯಾವ ವಿಧಾನ ಕೊಳ್ಳಲು ಹೊರಟರೂ ಮೊದಲ ಪರೀಕ್ಷೆ ಇದೇ: ಬೆಳಗಿನ ಐದಕ್ಕೆ, ಮಂಜಿನಲ್ಲಿ, ಗದ್ದೆ ಬದುವಿನ ಮೇಲೆ ಇದು ಕೆಲಸ ಮಾಡುತ್ತಾ?

ಗ್ಯಾಸ್ ಮೀಟರ್: ಸೊನ್ನೆ ತೋರಿಸಿದರೆ ನಂಬಬೇಡಿ

ಎಲ್ಲರಿಗೂ ಮೊದಲು ಹೊಳೆಯುವುದು ಇದು. ಕೈಯಲ್ಲಿ ಹಿಡಿಯುವ ನಾಲ್ಕು ಅನಿಲಗಳ ಮೀಟರ್ ಆನ್‌ಲೈನ್‌ನಲ್ಲೂ ಸಿಗುತ್ತೆ, ಹೈಡ್ರೋಜನ್ ಸಲ್ಫೈಡನ್ನೂ ತೋರಿಸುತ್ತೆ. ಆದರೆ ಅದು ಹುಟ್ಟಿದ್ದು ಟ್ಯಾಂಕ್, ಗುಂಡಿಗಳಿಗೆ ಇಳಿಯುವ ಕೆಲಸಗಾರರ ಜೀವ ಉಳಿಸಲು. ಅದರ ಅಳತೆ ಪಿಪಿಎಂ ಲೆಕ್ಕದಲ್ಲಿ, ಅಂದರೆ ಹತ್ತು ಲಕ್ಷ ಪಾಲು ಗಾಳಿಗೆ ಒಂದು ಪಾಲು. ನಮ್ಮ ಮೂಗು ಹಿಡಿಯುವುದು ಪಿಪಿಬಿಯಲ್ಲಿ, ನೂರು ಕೋಟಿಗೆ ಒಂದು ಪಾಲಿನ ಲೆಕ್ಕ. ವಾಸನೆಯ ಕಿರಿಕಿರಿ ಆಗಬಾರದೆಂದರೆ ಈ ಅನಿಲ ಅರ್ಧ ಗಂಟೆಯ ಸರಾಸರಿಯಲ್ಲಿ ಘನಮೀಟರಿಗೆ 7 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಅದು ಸುಮಾರು 5 ಪಿಪಿಬಿ. ಮೀಟರಿನ ಪರದೆಯಲ್ಲಿ 1 ಪಿಪಿಎಂ ಎಂದು ಬರುವ ಹೊತ್ತಿಗೆ ಇದರ ಇನ್ನೂರು ಪಟ್ಟು ಅನಿಲ ಗಾಳಿಯಲ್ಲಿರುತ್ತೆ. ಊರೆಲ್ಲ ಮೂಗು ಮುಚ್ಚಿಕೊಂಡಿರುವಾಗಲೂ ಮೀಟರ್ 0 ತೋರಿಸೀತು. ಆ ಸೊನ್ನೆಯ ಫೋಟೋವನ್ನು ಯಾರಾದರೂ "ವಾಸನೆ ಇಲ್ಲ" ಎಂಬುದಕ್ಕೆ ಸಾಕ್ಷಿಯಾಗಿ ತಂದರೆ ಕೇಳಬೇಕಾದ್ದು ಒಂದೇ: ಈ ಮೀಟರ್ ತೋರಿಸಬಲ್ಲ ಕನಿಷ್ಠ ಎಷ್ಟು?

ಗಾಜಿನ ಡಿಟೆಕ್ಟರ್ ಟ್ಯೂಬ್‌ಗಳೂ ಇವೆ. ಎರಡೂ ತುದಿ ಮುರಿದು ಕೈಪಂಪಿಗೆ ಸಿಕ್ಕಿಸಿ ಎಳೆದರೆ ಒಳಗಿನ ಪುಡಿಯ ಬಣ್ಣ ಬದಲಾಗುತ್ತೆ. ಹೊಂಡದ ಪಕ್ಕದಲ್ಲಿ ಸರಿ, ಕಾಲು ಮೈಲಿ ಆಚೆಯ ಮನೆಯಂಗಳದಲ್ಲಿ ಪ್ರಯೋಜನ ಕಡಿಮೆ. ಚಿನ್ನದ ತೆಳು ಪದರ ಬಳಸುವ ಮೀಟರ್ 3 ಪಿಪಿಬಿಯವರೆಗೂ ಹಿಡಿಯುತ್ತೆ, ಆದರೆ ಅದು ಬಾಡಿಗೆಗೋ ಸಂಶೋಧನಾ ಸಂಸ್ಥೆಯ ಮೂಲಕವೋ ತರಿಸಬೇಕಾದ ಬೆಲೆಯದು. ಇಷ್ಟೆಲ್ಲ ಆದರೂ ಅದಕ್ಕೆ ಗೊತ್ತಾಗುವುದು ಮುಖ್ಯವಾಗಿ ಗಂಧಕದ ಅನಿಲವೇ. ಪಲ್ಪಿಂಗ್ ನಾತದಲ್ಲಿ ಹಳಸಿದ ಬೆಣ್ಣೆಯಂಥ ಪಾಲು ಬ್ಯುಟಿರಿಕ್ ಆಮ್ಲದ್ದು, ಅದಕ್ಕೆ ಈ ಮೀಟರ್ ಕುರುಡು.

ಹಾಗಂತ ಮೀಟರ್ ಬೇಡವೇ ಬೇಡ ಎನ್ನುತ್ತಿಲ್ಲ. ಹೊಂಡ, ಮುಚ್ಚಿದ ಟ್ಯಾಂಕ್ ಶುಚಿ ಮಾಡಿಸುವ ತೋಟದವರು ಮೀಟರ್ ಇಲ್ಲದೆ ಯಾರನ್ನೂ ಒಳಗಿಳಿಸಲೇಬಾರದು. 100 ಪಿಪಿಎಂ ಸುತ್ತಮುತ್ತ ಈ ಅನಿಲ ಮೂಗಿನ ನರವನ್ನೇ ಮಂಕಾಗಿಸುತ್ತೆ. "ವಾಸನೆ ಹೋಯ್ತು, ಇಳಿಯಬಹುದು" ಎನ್ನುವ ಆ ಗಳಿಗೆಯೇ ಅತ್ಯಂತ ಅಪಾಯದ್ದು. ಬರಿ ಮೂಗಿನಿಂದ ಅಳೆಯುವವರೂ ಹೊಂಡದ ಅಂಚಿಗೆ ಬಾಗಿ ಮೂಸಬಾರದು. ಮೂಗಿನ ಕೆಲಸವಿರುವುದು ಮನೆಗಳ ಹತ್ತಿರ.

ಬೆಳ್ಳಿ ಕಪ್ಪಾಗುವುದನ್ನು ಸಾಕ್ಷಿ ಎಂದು ತೋರಿಸುವವರಿದ್ದಾರೆ. ಗಂಧಕದ ಅನಿಲಕ್ಕೆ ಬೆಳ್ಳಿ, ತಾಮ್ರ ಕಪ್ಪಾಗುವುದು ನಿಜ. ಕಾರ್ಖಾನೆಗಳ ಕಂಟ್ರೋಲ್ ರೂಮುಗಳಲ್ಲಿ ಈ ಲೋಹಗಳ ಪಟ್ಟಿ ನೇತುಹಾಕಿ ತಿಂಗಳಿಗಿಷ್ಟು ಎಂದು ಅಳೆಯುವ ಕ್ರಮವೂ ಇದೆ. ಆದರೆ ಪೆಟ್ಟಿಗೆಯಲ್ಲಿಟ್ಟ ಪೀಚೆಕತ್ತಿಯ ಬೆಳ್ಳಿ ಸುಮ್ಮನಿದ್ದರೂ ಕಪ್ಪಾಗುತ್ತೆ, ಅದನ್ನು ಹಿಡಿದುಕೊಂಡು ಕಚೇರಿಗೆ ಹೋಗಬೇಡಿ.

ಲ್ಯಾಬಿನ ಮೂಗು

ಜಗತ್ತಿನಲ್ಲಿ ವಾಸನೆಯ ಅಳತೆಗೆ ಅತಿ ಹೆಚ್ಚು ಮಾನ್ಯತೆ ಇರುವುದು ಡೈನಮಿಕ್ ಆಲ್ಫ್ಯಾಕ್ಟೊಮೆಟ್ರಿಗೆ. ಯುರೋಪಿನ ಇಎನ್ 13725 ಮಾನಕ 2003ರಲ್ಲಿ ಬಂತು, 2022ರಲ್ಲಿ ಪರಿಷ್ಕೃತವಾಯಿತು. ನಾತದ ಗಾಳಿಯನ್ನು ವಾಸನೆ ಹಿಡಿಯದ ಚೀಲದಲ್ಲಿ ತುಂಬಿ ಲ್ಯಾಬಿಗೆ ಒಯ್ಯುತ್ತಾರೆ. ಅಲ್ಲಿ ಆಯ್ದ ಮೂಗುಗಳು, ಕನಿಷ್ಠ ನಾಲ್ಕು ಜನ, ಯಂತ್ರದ ಕೊಳವೆಯ ಮುಂದೆ ಕೂರುತ್ತಾರೆ. ಶುದ್ಧ ಗಾಳಿ ಬೆರೆಸುತ್ತ ಬೆರೆಸುತ್ತ, ಅರ್ಧ ಜನರಿಗಷ್ಟೇ ವಾಸನೆ ಗೊತ್ತಾಗುವ ಹಂತ ಎಲ್ಲಿದೆ ಎಂದು ಹುಡುಕುತ್ತಾರೆ. ಆ ಹಂತಕ್ಕೆ ಒಂದು ಯೂನಿಟ್. ಸಾವಿರ ಪಟ್ಟು ತೆಳು ಮಾಡಬೇಕಾಗಿ ಬಂದರೆ ಮೂಲ ಗಾಳಿ ಸಾವಿರ ಯೂನಿಟ್. ಯಾರ ಮೂಗನ್ನೂ ಹಾಗೇ ಒಪ್ಪುವುದಿಲ್ಲ. ಬ್ಯುಟನಾಲ್ ಎಂಬ ದ್ರಾವಕವನ್ನು 20ರಿಂದ 80 ಪಿಪಿಬಿ ನಡುವೆ ಗುರುತಿಸುವವರಿಗೆ ಮಾತ್ರ ಪ್ರವೇಶ. ಅತಿ ಚುರುಕು ಮೂಗೂ ಬೇಡ, ಮಂದ ಮೂಗೂ ಬೇಡ.

ವಿಧಾನ ಚೆನ್ನಾಗಿದೆ, ನಮ್ಮ ಊರಿಗೆ ಕಷ್ಟ. ಚೀಲದ ಗಾಳಿಯನ್ನು 30 ಗಂಟೆಯೊಳಗೆ ಪರೀಕ್ಷಿಸಬೇಕು. ರೈಲೂ ಇಲ್ಲ, ವಿಮಾನವೂ ಇಲ್ಲದ ಜಿಲ್ಲೆಯಿಂದ, ಬೆಳಗಿನ ಐದಕ್ಕೆ ತುಂಬಿದ ಚೀಲವನ್ನು ಘಾಟಿ ಇಳಿಸಿ ಸರಿಯಾದ ಲ್ಯಾಬು ಮುಟ್ಟಿಸಿ, ಅಷ್ಟು ಹೊತ್ತಿಗೆ ನಾಲ್ಕು ಜನರನ್ನು ಕೂರಿಸಬೇಕು. ಚಳಿಯಲ್ಲಿ ತುಂಬಿದ ತೇವದ ಗಾಳಿ ಚೀಲದೊಳಗೇ ನೀರಾಗಿ ಕೂತರೆ ವಾಸನೆಯ ಒಂದಷ್ಟು ಪಾಲು ಆ ಹನಿಗೆ ಸೇರಿಹೋಗುತ್ತೆ. ಅದಕ್ಕಿಂತ ಮುಖ್ಯ ವಿಷಯ: ಇದು ಹೇಳುವುದು ಹೊಂಡದ ಬಾಯಿಯಲ್ಲಿ ನಾತ ಎಷ್ಟು ಗಟ್ಟಿ ಎಂದು, ಮನೆಗೆ ತಿಂಗಳಲ್ಲಿ ಎಷ್ಟು ರಾತ್ರಿ ಬರುತ್ತೆ ಎಂದಲ್ಲ.

ಹಾಗಾದರೆ ಯಾರಿಗೆ? ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿರುವಂಥ ದೊಡ್ಡ ಘಟಕ ಬಯೋಫಿಲ್ಟರ್ (ಸೂಕ್ಷ್ಮಜೀವಿಗಳಿಂದ ನಾತ ತಗ್ಗಿಸುವ ಸೋಸುಕ) ಹಾಕಿಸಿದರೆ, ಹಾಕುವ ಮೊದಲು, ಹಾಕಿದ ಮೇಲೆ ಎಷ್ಟು ವ್ಯತ್ಯಾಸ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಲ್ಲೂ ಒಂದು ಕಣ್ಕಟ್ಟಿದೆ. ನಮ್ಮ ಮೂಗಿನ ಲೆಕ್ಕ ನೇರ ಅಲ್ಲ, ಲಾಗರಿದಮ್‌ನದು. ಯೂನಿಟ್ಟುಗಳು ಶೇ. 90 ಇಳಿದರೂ ಮೂಗಿಗೆ ಒಂದೆರಡು ಮೆಟ್ಟಿಲು ಇಳಿದಷ್ಟೇ ಅನ್ನಿಸುತ್ತೆ. "ತೊಂಬತ್ತು ಪರ್ಸೆಂಟ್ ಕಡಿಮೆ ಮಾಡಿದ್ದೀವಿ" ಎಂದು ಕಂಪನಿ, "ಏನೂ ಕಡಿಮೆ ಆಗಿಲ್ಲ" ಎಂದು ಊರವರು ಜಗಳವಾಡಿದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಮೂಗಿಗೆ ಹಿಡಿಯುವ ಯಂತ್ರ

ಫೀಲ್ಡ್ ಆಲ್ಫ್ಯಾಕ್ಟೊಮೀಟರ್ ಅನ್ನುವುದು ಮೇಲಿನ ಲ್ಯಾಬನ್ನೇ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡಿದ್ದು. ನೇಸಲ್ ರೇಂಜರ್ ಹೆಸರಿನದು ಹೆಚ್ಚು ಬಳಕೆಯಲ್ಲಿದೆ. ಇದ್ದಿಲ ಫಿಲ್ಟರ್ ಮೂಲಕ ಬಂದ ಶುದ್ಧ ಗಾಳಿಗೆ ಹೊರಗಿನ ಗಾಳಿಯನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತ ಹೋಗುವುದು, ವಾಸನೆ ಮೊದಲು ಗೊತ್ತಾದ ಅಂಕವನ್ನು ಬರೆದುಕೊಳ್ಳುವುದು. ಅದರ ಮೆಟ್ಟಿಲುಗಳು 60, 30, 15, 7, 4, 2. ಏಳು ಪಾಲು ಶುದ್ಧ ಗಾಳಿಗೆ ಒಂದು ಪಾಲು ಊರಿನ ಗಾಳಿ ಬೆರೆತಾಗಲೂ ವಾಸನೆ ಗೊತ್ತಾದರೆ ಅದು 7. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ವಸತಿ ಪ್ರದೇಶಕ್ಕೆ ಇದನ್ನೇ ಮಿತಿಯಾಗಿ ಇಟ್ಟಿದ್ದಾರೆ.

ಬೆಳಗಿನ ಐದರ ಪರೀಕ್ಷೆಯಲ್ಲಿ ಇದು ಪಾಸು. ಒಬ್ಬರೇ ಹೊತ್ತುಕೊಂಡು ತೋಡಿನ ಗುಂಟ ನಡೆಯಬಹುದು, ಅಂಕಿಯೂ ಅಲ್ಲೇ ಸಿಗುತ್ತೆ. ತೊಡಕು ಎರಡು. ನಾತದೊಳಗೇ ಹತ್ತು ನಿಮಿಷ ನಿಂತ ಮೂಗು ಸೋತುಹೋಗುತ್ತೆ, ಹಾಗಾಗಿ ಅಳೆಯುವವರು ಇದ್ದಿಲ ಮಾಸ್ಕ್ ಹಾಕಿಕೊಂಡೇ ಓಡಾಡಿ, ಅಳೆಯುವಾಗ ಮಾತ್ರ ತೆಗೆಯಬೇಕು. ಇನ್ನೊಂದು, ಆಮದು ಯಂತ್ರ, ಬೆಲೆ ಒಂದು ಊರಿನ ಸಂಘದ ಕೈಗೆ ಎಟುಕುವಂಥದ್ದಲ್ಲ. ಬೆಳೆಗಾರರ ಸಂಘಟನೆಯೋ ಜಿಲ್ಲಾ ಪಂಚಾಯಿತಿಯೋ ಒಂದನ್ನು ತಂದು ತಾಲೂಕಿನಿಂದ ತಾಲೂಕಿಗೆ ತಿರುಗಿಸಿದರೆ ಅದಕ್ಕೆ ಅರ್ಥವಿದೆ. ಖರ್ಚು ಮಾಡಲೇಬೇಕು ಎಂದಿದ್ದರೆ ನನ್ನ ಓಟು ಇದಕ್ಕೆ.

ನೋಟ್‌ಬುಕ್ಕು

ಬಡವರ ದಾರಿ ಅಂತ ಇದನ್ನು ತಳ್ಳಿಹಾಕುವವರು ಜರ್ಮನಿ ಕಡೆ ನೋಡಬೇಕು. ಅಲ್ಲಿ ಬೆಳೆದು ಈಗ ಇಡೀ ಯುರೋಪಿಗೆ ಇಎನ್ 16841 ಆಗಿರುವ ಮಾನಕದ ಮುಖ್ಯ ಉಪಕರಣ ತರಬೇತಾದ ಮನುಷ್ಯರ ಬರಿ ಮೂಗು, ಒಂದು ಗಡಿಯಾರ, ಒಂದು ಹಾಳೆ. ಗೊತ್ತುಮಾಡಿದ ಜಾಗದಲ್ಲಿ ಹತ್ತು ನಿಮಿಷ ನಿಂತು ಹತ್ತು ಸೆಕೆಂಡಿಗೊಮ್ಮೆ ಮೂಸಬೇಕು, ಒಟ್ಟು 60 ಸಲ. ಅದರಲ್ಲಿ ಆರು ಸಲವಾದರೂ ವಾಸನೆ ಸಿಕ್ಕರೆ ಆ ಗಂಟೆಯನ್ನು ವಾಸನೆಯ ಗಂಟೆ ಎಂದು ಲೆಕ್ಕ ಹಿಡಿಯುತ್ತಾರೆ. ಜರ್ಮನಿಯಲ್ಲಿ ವಸತಿ ಪ್ರದೇಶಕ್ಕೆ ವರ್ಷದ ಗಂಟೆಗಳಲ್ಲಿ ಶೇ. 10ರವರೆಗೆ ಸಹಿಸಬಹುದು ಎಂಬ ಮಿತಿ.

ಆ ಮಿತಿಯನ್ನು ಇಲ್ಲಿಗೆ ಹಾಗೇ ತರಬೇಡಿ. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 8,760 ಗಂಟೆ. ಎರಡು ತಿಂಗಳು, ಪ್ರತಿ ರಾತ್ರಿ ಆರು ಗಂಟೆ ನಾತ ಬಂದರೆ 360 ಗಂಟೆ, ಶೇ. 4 ಮಾತ್ರ. ಜನವರಿ, ಫೆಬ್ರವರಿ ಪೂರ್ತಿ ನಿದ್ದೆಗೆಟ್ಟ ಊರು ಜರ್ಮನ್ ಲೆಕ್ಕದಲ್ಲಿ ಆರಾಮಾಗಿ ಪಾಸಾಗಿಬಿಡುತ್ತೆ. ನಮ್ಮದು ಸೀಸನ್ನಿನ ನಾತ. ಹಾಗಾಗಿ ಸೀಸನ್ನಿನ ರಾತ್ರಿಗಳನ್ನೇ ನೂರು ಎಂದು ಹಿಡಿದು, ಅದರಲ್ಲಿ ಎಷ್ಟು ರಾತ್ರಿ ಎಂದು ಬರೆಯಬೇಕು.

ಪುಸ್ತಕ ಇಡುವ ಕ್ರಮ ಹೀಗೆ. ಊರಿನಲ್ಲಿ ನಾಲ್ಕೈದು ಜಾಗ ಗುರುತು ಮಾಡಿಕೊಳ್ಳಿ: ತೋಡಿನ ಮೇಲ್ಗಡೆ ಒಂದು, ಪಲ್ಪರಿನ ಕೆಳಗಡೆ ಒಂದು, ತೋಟದ ಕೂಲಿಯವರ ಲೈನ್ ಮನೆಗಳ ಹತ್ತಿರ, ಶಾಲೆ ಅಥವಾ ಡೇರಿ ಹತ್ತಿರ. ಹೊತ್ತು ಮೊದಲೇ ನಿಗದಿಯಾಗಿರಲಿ, ಬೆಳಗ್ಗೆ ಐದೂವರೆ ಮತ್ತು ರಾತ್ರಿ ಒಂಬತ್ತು. ಅಲ್ಲಿ ನಿಲ್ಲುವ ಅರ್ಧ ಗಂಟೆ ಮೊದಲಿನಿಂದ ನೀರು ಬಿಟ್ಟು ಬೇರೇನೂ ಬೇಡ, ಬೀಡಿ ಬೇಡ, ಬೆಲ್ಲದ ಕಾಫಿಯೂ ಬೇಡ. ನೆಗಡಿ ಇದ್ದವರು ಅಂದು ಬರೆಯಬಾರದು. ಗಟ್ಟಿತನಕ್ಕೆ 0ಯಿಂದ 6 ಅಂಕ: 0 ಎಂದರೆ ಏನೂ ಇಲ್ಲ, 3 ಎಂದರೆ ಸ್ಪಷ್ಟವಾಗಿ ಗೊತ್ತಾಗುತ್ತೆ, 6 ಎಂದರೆ ನಿಲ್ಲಲಾಗುವುದಿಲ್ಲ. ಗಾಳಿಯ ದಿಕ್ಕಿಗೆ ಊದುಬತ್ತಿ ಹಚ್ಚಿ ಹೊಗೆ ಎತ್ತ ಹೋಗುತ್ತೆ ನೋಡಿದರಾಯಿತು, ಅಳೆದು ಮುಗಿದ ಮೇಲೆ ಹಚ್ಚಿ, ಮೊದಲಲ್ಲ. ಒಂದು ಸಾಲು ಹೀಗೆ ಬರಬೇಕು:

"ಬೆಳಗ್ಗೆ 5:40. ಡೇರಿ ಹತ್ತಿರ. ಅಂಕ 4. ಹುಳಿ, ಜೊತೆಗೆ ಕೊಳೆತ ಮೊಟ್ಟೆ. ದಟ್ಟ ಮಂಜು. ಹೊಗೆ ತೋಡಿನ ಕೆಳದಿಕ್ಕಿಗೆ, ನಿಧಾನ."

"ಭಯಂಕರ ವಾಸನೆ, ಬದುಕೋದೇ ಕಷ್ಟ" ಎಂದು ಬರೆದ ಹತ್ತು ಪುಟಕ್ಕಿಂತ ಇಂಥ ಒಂದು ಪುಟ ಮೇಲು. ಇನ್ನೂ ಮುಖ್ಯವಾದದ್ದು ಸೊನ್ನೆ. ನಾತ ಇಲ್ಲದ ಬೆಳಗ್ಗೆಯೂ ಎದ್ದು ಹೋಗಿ 0 ಎಂದು ಬರೆಯಬೇಕು. ಬರೀ ನಾತದ ದಿನಗಳಷ್ಟೇ ಇರುವ ಪುಸ್ತಕವನ್ನು ಎದುರಿನ ವಕೀಲರು ಐದು ನಿಮಿಷದಲ್ಲಿ ಹರಿದು ಹಾಕುತ್ತಾರೆ. ಸೊನ್ನೆಗಳೂ ಇದ್ದರೆ, ಸೊನ್ನೆಯ ದಿನಗಳು ಪಲ್ಪರ್ ನಿಂತ ದಿನಗಳೇ ಎಂದು ಹೊಂದಿಬಂದರೆ, ಅದನ್ನು ಅಲ್ಲಗಳೆಯುವುದು ಕಷ್ಟ.

ವಾಟ್ಸ್ಯಾಪ್ ಗ್ರೂಪಿನಲ್ಲಿ ಮಾತ್ರ ಈ ಕೆಲಸ ಮಾಡಬೇಡಿ. ಒಬ್ಬರು "ಇವತ್ತು ವಿಪರೀತ" ಎಂದು ಹಾಕಿದ ಕೂಡಲೇ ಉಳಿದವರ ಮೂಗಿಗೂ ವಿಪರೀತವೇ ಬರುತ್ತೆ. ಪ್ರತಿಯೊಬ್ಬರೂ ಬೇರೆ ಬೇರೆ ಬರೆದು ವಾರಕ್ಕೊಮ್ಮೆ ಸೇರಿಸಬೇಕು. ಮೊಬೈಲ್ ಆ್ಯಪ್‌ಗಳೂ ಇವೆ. ಪಿಟ್ಸ್‌ಬರ್ಗ್ ನಗರದವರಿಗಾಗಿ 2016ರಲ್ಲಿ ಬಂದ ಸ್ಮೆಲ್ ಪಿಟ್ಸ್‌ಬರ್ಗ್, ಆಮೇಲೆ ಯುರೋಪಿನ ಆಡರ್ ಕಲೆಕ್ಟ್ ಈ ಬಗೆಯವು. ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕಾದ ಊರುಗಳಲ್ಲಿ ಕಾಗದವೇ ವಾಸಿ.

ನಮ್ಮ ದೇಶದಲ್ಲೇ ಇದಕ್ಕೆ ಮೇಲ್ಪಂಕ್ತಿ ಇದೆ. ತಮಿಳುನಾಡಿನ ಕಡಲೂರು ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತಲ ಹಳ್ಳಿಯವರು 2004ರ ಹೊತ್ತಿಗೆ ಯಾವ ವಾಸನೆ ಯಾವಾಗ ಬಂತು ಎಂದು ಬರೆದಿಟ್ಟು, ಪ್ಲಾಸ್ಟಿಕ್ ಬಕೆಟ್ಟಿನೊಳಗೆ ಚೀಲ ಜೋಡಿಸಿದ ಸಾಧನದಲ್ಲಿ ಗಾಳಿ ಹಿಡಿದು ಪರೀಕ್ಷೆಗೆ ಕಳಿಸಿದ್ದರು. ಯಾವ ಹೊತ್ತಿಗೆ, ಎಲ್ಲಿ ಹಿಡಿಯಬೇಕು ಎಂದು ತಿಳಿದದ್ದು ಪುಸ್ತಕದಿಂದ, ಆ ಗಾಳಿಯಲ್ಲಿ ಏನಿದೆ ಎಂದು ತಿಳಿದದ್ದು ಲ್ಯಾಬಿನಿಂದ.

ಒಂದು ಮಾತು ಸೇರಿಸಲೇಬೇಕು. ಲೈನ್ ಮನೆಯಲ್ಲಿರುವವರು ಅದೇ ತೋಟದ ಕೂಲಿಯವರು. ಅವರ ಹೆಸರು ಪುಸ್ತಕದಲ್ಲಿ ಬಂದರೆ ನಾಳೆ ಕೆಲಸಕ್ಕೆ ಬರಬೇಡ ಎನ್ನಿಸಿಕೊಳ್ಳುವವರು ಅವರೇ. ಜಾಗದ ಸಂಖ್ಯೆ ಸಾಕು, ಹೆಸರು ಬೇಡ.

ನೀರಿನ ದಾರಿ

ಇದುವರೆಗೆ ಗಾಳಿಯ ಮಾತಾಯಿತು. ನನ್ನ ಮಟ್ಟಿಗೆ, ಪಲ್ಪಿಂಗ್ ನಾತದ ದೂರಿಗೆ ಅತಿ ಗಟ್ಟಿ ಕೈಹಿಡಿ ಗಾಳಿಯಲ್ಲಿ ಇಲ್ಲ, ನೀರಿನಲ್ಲಿದೆ.

ಕಾರಣ ಕಾನೂನು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ವಾಸನೆಯ ಬಗ್ಗೆ 2008ರಲ್ಲಿ ಮಾರ್ಗಸೂಚಿ ತಂದಿದೆ, ಆದರೆ ಇಷ್ಟು ಯೂನಿಟ್ ದಾಟಿದರೆ ತಪ್ಪು ಎಂಬ ಮಿತಿ ನಮ್ಮಲ್ಲಿಲ್ಲ. 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಹನ್ನೆರಡು ಮಾಲಿನ್ಯಕಾರಕಗಳಲ್ಲಿ ಅಮೋನಿಯಾ ಇದೆ, ಹೈಡ್ರೋಜನ್ ಸಲ್ಫೈಡ್ ಇಲ್ಲ. ಅದೇ 1974ರ ಜಲ ಕಾಯ್ದೆಯ 24ನೇ ಸೆಕ್ಷನ್ ತೋಡಿಗೆ, ಹೊಳೆಗೆ ಕೊಳೆ ಬಿಡುವುದನ್ನೇ ನಿಷೇಧಿಸುತ್ತೆ. ನಾತ ಹುಟ್ಟುವುದು ನೀರಿನಲ್ಲಿ ಎಂದ ಮೇಲೆ ನೀರನ್ನೇ ಹಿಡಿದರೆ ನಾತದ ಬೇರನ್ನೇ ಹಿಡಿದಂತೆ.

ತೋಡಿಗೆ ಇಳಿದು ನೋಡಿ. ಪಲ್ಪಿಂಗ್ ನೀರು ಸೇರುವ ಜಾಗದಿಂದ ಮೇಲೆ ಕಲ್ಲು ಕಲ್ಲಾಗಿಯೇ ಇರುತ್ತೆ, ಮರಳು ಕಂದು. ಕೆಳಗೆ ಅದೇ ಕಲ್ಲಿನ ಮೇಲೆ ಬೂದುಬಣ್ಣದ ಲೋಳೆ ಎಳೆಎಳೆಯಾಗಿ ಹರಿವಿನ ಜೊತೆ ಅಲ್ಲಾಡುತ್ತಿರುತ್ತೆ. ಕೋಲಿನಿಂದ ತಳ ಕೆದಕಿದರೆ ಮೇಲಿನ ಪದರದಡಿ ಮಸಿಯಂಥ ಕಪ್ಪು ಕೆಸರು, ಗುಳ್ಳೆ ಏಳುತ್ತೆ, ಗುಳ್ಳೆ ಒಡೆದಾಗ ಮೊಟ್ಟೆಯ ನಾತ. ಆ ಕಪ್ಪು ಕಬ್ಬಿಣದ ಸಲ್ಫೈಡ್. ಎರಡೂ ಜಾಗದ ಫೋಟೋ, ಅದೇ ದಿನ, ಅದೇ ಬೆಳಕಿನಲ್ಲಿ, ಪಕ್ಕದಲ್ಲಿ ಗುರುತಿಗೆ ಒಂದು ಸ್ಕೇಲ್ ಇಟ್ಟು ತೆಗೆಯಿರಿ.

ಪಿಎಚ್ ಪಟ್ಟಿ ಅಗ್ಗ, ಕರಗಿದ ಆಮ್ಲಜನಕ ಅಳೆಯುವ ಕಿಟ್ ಕೂಡ ಸಂಘದ ಕೈಗೆ ಎಟುಕುವಂಥದ್ದು. ಚೊಕ್ಕ ಹರಿಯುವ ತೋಡಿನಲ್ಲಿ ಲೀಟರಿಗೆ ಸುಮಾರು 7, 8 ಮಿಲಿಗ್ರಾಂ ಆಮ್ಲಜನಕ ಸಿಗುತ್ತೆ. ಕೆಳಗಿನ ಜಾಗದಲ್ಲಿ ಅದು 2ಕ್ಕೆ, ಸೊನ್ನೆಗೆ ಇಳಿದಿದ್ದರೆ ಇನ್ನು ಕೆಲವೇ ದಿನದಲ್ಲಿ ನಾತ ಏಳುತ್ತೆ ಎಂದು ಮೊದಲೇ ಹೇಳಬಹುದು. ನೀರಿನ ಅಳತೆಗಿರುವ ದೊಡ್ಡ ಗುಣ ಇದು, ಮೂಗಿಗಿಂತ ಮುಂಚೆ ಎಚ್ಚರಿಸುತ್ತೆ. ಇನ್ನೊಂದು ಗುಣ: ಯಾರದ್ದು ಎಂಬ ಪ್ರಶ್ನೆಗೆ ಗಾಳಿ ಉತ್ತರ ಹೇಳುವುದಿಲ್ಲ, ತೋಡು ಹೇಳುತ್ತೆ. ಒಂದೇ ತೋಡಿಗೆ ಮೂರು ಪಲ್ಪರಿನ ನೀರು ಬೀಳುತ್ತಿದ್ದರೆ ಪ್ರತಿಯೊಂದರ ಮೇಲೆ, ಕೆಳಗೆ ಅಳೆದುಕೊಂಡು ಹೋದರೆ ಆಮ್ಲಜನಕ ಎಲ್ಲಿ ಬಿತ್ತು ಎಂದು ಕಾಣುತ್ತೆ.

ಬಿಒಡಿ, ಅಂದರೆ ನೀರಿನ ಕೊಳೆ ಎಷ್ಟು ಆಮ್ಲಜನಕ ನುಂಗುತ್ತೆ ಎಂಬ ಪರೀಕ್ಷೆಯನ್ನು ಲ್ಯಾಬಿನಲ್ಲೇ ಮಾಡಿಸಬೇಕು. ನಮ್ಮ ದೇಶದ ಕ್ರಮದಲ್ಲಿ 27 ಡಿಗ್ರಿಯಲ್ಲಿ ಮೂರು ದಿನ ಹಿಡಿಯುತ್ತೆ. ಮಾದರಿಯನ್ನು ಐಸಿನಲ್ಲಿಟ್ಟು ಒಂದು ದಿನದೊಳಗೆ ತಲುಪಿಸಬೇಕು. ಆದರೆ ನೀವಾಗಿ ತುಂಬಿದ ಬಾಟ್ಲಿಯ ಫಲಿತಾಂಶ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಂಡಳಿಯ ಅಧಿಕಾರಿಯೇ ಸ್ಥಳದಲ್ಲಿ ನೋಟಿಸ್ ಕೊಟ್ಟು, ಮಾದರಿಯನ್ನು ಕ್ರಮಪ್ರಕಾರ ತೆಗೆದು ಮೊಹರು ಹಾಕಬೇಕು. ನಿಮ್ಮ ಪಟ್ಟಿ, ಕಿಟ್ಟುಗಳ ಕೆಲಸ ಅವರನ್ನು ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ ಕರೆಸುವುದು.

ಉಳಿದವು, ಚುಟುಕಾಗಿ

ಎಲೆಕ್ಟ್ರಾನಿಕ್ ಮೂಗು ಎಂಬ ಸೆನ್ಸರ್ ಪೆಟ್ಟಿಗೆ ಹಗಲೂ ರಾತ್ರಿ ಅಳೆಯುತ್ತೆ ಎನ್ನುವುದು ಆಕರ್ಷಕ. ಕೋಲ್ಕತ್ತದ ಸಿ-ಡ್ಯಾಕ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ಚಹಾದ ಪರಿಮಳ ಅಳೆಯಲು ಇಂಥದ್ದು ಮಾಡಿದೆ. ಆದರೆ ಪ್ರತಿ ಜಾಗದ ವಾಸನೆಯನ್ನು ಅದಕ್ಕೆ ಮನುಷ್ಯರ ಮೂಗೇ ಕಲಿಸಬೇಕು. ಇದರಲ್ಲಿ ಸಾಮಾನ್ಯವಾಗಿ ಬಳಸುವ ಲೋಹದ ಆಕ್ಸೈಡ್ ಸೆನ್ಸರುಗಳು ತೇವಕ್ಕೆ ದಾರಿ ತಪ್ಪುತ್ತವೆ, ನಮ್ಮ ನಾತ ಬರುವುದೇ ಮಂಜಿನ ಜೊತೆ. ಇಲ್ಲಿಗೆ ಈಗಲೇ ಬೇಡ.

ನಾತ ಗಾಳಿಯಲ್ಲಿ ಎಲ್ಲಿಗೆ, ಎಷ್ಟು ಹರಡುತ್ತೆ ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲಿಂಗ್ ವರದಿಯನ್ನು ದೊಡ್ಡ ಘಟಕದವರು ಸಲಹೆಗಾರರಿಂದ ಮಾಡಿಸುತ್ತಾರೆ. ಅದರಲ್ಲಿ ಎರಡು ಸಾಲು ಹುಡುಕಿ: ಗಾಳಿಯ ಮಾಹಿತಿ ಯಾವ ಊರಿನದು, ಗಾಳಿಯೇ ಇಲ್ಲದ ಗಂಟೆಗಳನ್ನು ಏನು ಮಾಡಿದ್ದಾರೆ. ಏರ್‌ಮಾಡ್‌ನಂಥ ಮಾಡೆಲ್ ನಿಶ್ಚಲ ಗಂಟೆಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಯಲು ಸೀಮೆಯ ಗಾಳಿಯ ಅಂಕಿ ಹಾಕಿ, ನಿಶ್ಚಲ ರಾತ್ರಿಗಳನ್ನು ಬಿಟ್ಟು, ಕೊಡಗಿನ ಕಣಿವೆಯಲ್ಲಿ ವಾಸನೆ ಇಲ್ಲ ಎಂದು ಬರೆದ ವರದಿಗೆ ಕಾಗದದ ಬೆಲೆ ಮಾತ್ರ.

ಗಾಳಿಯಲ್ಲಿರುವ ರಾಸಾಯನಿಕಗಳನ್ನು ಲ್ಯಾಬಿನಲ್ಲಿ ಬಿಡಿಬಿಡಿಯಾಗಿ ಗುರುತಿಸುವ ಗ್ಯಾಸ್ ಕ್ರೊಮ್ಯಾಟೊಗ್ರಫಿ ಬೇಕಾಗುವುದು ಗುರುತೇ ಸಿಗದ ರಾಸಾಯನಿಕ ವಾಸನೆ ಬಂದಾಗ. ಪಲ್ಪಿಂಗ್‌ಗೆ ಅದರ ಅಗತ್ಯವಿಲ್ಲ, ಏನು ಕೊಳೆಯುತ್ತಿದೆ ಎಂದು ಎಲ್ಲರಿಗೂ ಗೊತ್ತು.

ಯಾರಿಗೆ ಯಾವುದು

ಪಲ್ಪಿಂಗ್ ನಾತವಾದರೆ ನೋಟ್‌ಬುಕ್ಕು ಮತ್ತು ನೀರು, ಎರಡೂ ಜೊತೆಯಾಗಿ. ದುಡ್ಡು ಹೊಂದಿಸಲು ಸಾಧ್ಯವಾದರೆ ಆಮೇಲೆ ಫೀಲ್ಡ್ ಆಲ್ಫ್ಯಾಕ್ಟೊಮೀಟರ್.

ಹಂದಿ, ಕೋಳಿ ಸಾಕಣೆಯದ್ದಾದರೆ ಲೆಕ್ಕ ಬೇರೆ. ಪಂದಿಕರಿ ಎಲ್ಲರಿಗೂ ಬೇಕು, ಹಂದಿಗೂಡಿನ ಪಕ್ಕದ ಮನೆ ಯಾರಿಗೂ ಬೇಡ. ಅಲ್ಲಿ ಅಮೋನಿಯಾದ ಪಾಲು ದೊಡ್ಡದು. ಅದಕ್ಕೆ 24 ಗಂಟೆಯ ಸರಾಸರಿಯಲ್ಲಿ ಘನಮೀಟರಿಗೆ 400 ಮೈಕ್ರೋಗ್ರಾಂ ಎಂಬ ರಾಷ್ಟ್ರೀಯ ಮಿತಿ ಇರುವುದರಿಂದ ಗಾಳಿಯ ಅಳತೆಗೇ ಕಾನೂನಿನ ಬಲವಿದೆ. ಡಿಟೆಕ್ಟರ್ ಟ್ಯೂಬ್ ಇಲ್ಲಿ ಮೊದಲ ಜಾಲರಿಯಾಗಿ ಉಪಯೋಗಕ್ಕೆ ಬರುತ್ತೆ. ಗೂಡಿನಿಂದ ದೂರ ಹೋದ ಹಾಗೆ ಅಮೋನಿಯಾ ಬೇಗ ತೆಳುವಾಗಿ ಉಳಿದ ನಾತಗಳು ಉಳಿಯುತ್ತವೆ ಎಂಬುದು ನೆನಪಿರಲಿ, ಅಲ್ಲಿ ಮತ್ತೆ ಪುಸ್ತಕವೇ ಗತಿ.

ಕಾಫಿ ಹುರಿಯುವ ಘಟಕದ ವಾಸನೆ ವಿಚಿತ್ರ ಪ್ರಕರಣ. ದಾರಿಹೋಕರಿಗೆ ಅದು ಪರಿಮಳ, ವರ್ಷವಿಡೀ ಪಕ್ಕದಲ್ಲಿ ಇರುವವರಿಗೆ ತಲೆನೋವು. ಗಟ್ಟಿತನದ ಅಂಕದ ಜೊತೆ ಹಿತವೋ ಅಹಿತವೋ ಎಂದು ಮೈನಸ್ 4ರಿಂದ ಪ್ಲಸ್ 4ರವರೆಗೆ ಇನ್ನೊಂದು ಅಂಕ ಬರೆಯುವ ಕ್ರಮ ಜರ್ಮನಿಯಲ್ಲಿದೆ, ಇಂಥ ಕಡೆ ಅದನ್ನೂ ಸೇರಿಸಿ.

ಕೆಲಸ ಶುರುವಾಗಬೇಕಾದ್ದು ಅಕ್ಟೋಬರಿನಲ್ಲಿ, ಪಲ್ಪರ್ ತಿರುಗುವ ಮುಂಚೆ. ಆಗಿನ ಸೊನ್ನೆಗಳು ಮತ್ತು ಆಗಿನ ತೋಡಿನ ಆಮ್ಲಜನಕ ಇಲ್ಲದೆ ಜನವರಿಯ ಅಂಕಿಗಳನ್ನು ಯಾವುದಕ್ಕೂ ಹೋಲಿಸಲು ಬರುವುದಿಲ್ಲ. ಅದೇ ಹೊತ್ತಿಗೆ ತೋಟದವರ ಹತ್ತಿರವೂ ಹೋಗಿ ಪುಸ್ತಕ ಇಡುತ್ತಿದ್ದೇವೆ ಎಂದು ಹೇಳಿಬಿಡಿ. ಹೊಂಡಕ್ಕೆ ಸುಣ್ಣ ಹಾಕಿದ ದಿನಾಂಕವನ್ನು ಅವರೂ ಬರೆದಿಟ್ಟರೆ ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ನೋಡಬಹುದು, ಎಷ್ಟೋ ಕಡೆ ವಿಷಯ ಅಲ್ಲಿಗೇ ಮುಗಿಯುತ್ತೆ.

ಮುಗಿಯದಿದ್ದರೆ ದೂರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ, ಪ್ರತಿ ಪಂಚಾಯಿತಿಗೆ. ಸಾರ್ವಜನಿಕ ಉಪದ್ರವ ತೆಗೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಅಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆ ಹೋಗುವ ದಾರಿಯೂ ಇದೆ, ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 133 ಆಗಿತ್ತು. ಅದಕ್ಕೂ ಮೇಲೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ಎಲ್ಲಿಗೆ ಹೋದರೂ ಲಗತ್ತು ಒಂದೇ: ಸೊನ್ನೆಗಳೂ ಇರುವ ಪುಸ್ತಕದ ಜೆರಾಕ್ಸ್, ತೋಡಿನ ಮೇಲಿನ ಮತ್ತು ಕೆಳಗಿನ ಅಂಕಿ, ಫೋಟೋ, ಜಾಗಗಳ ಕೈನಕ್ಷೆ. ದೂರಿನ ಕೊನೆಯ ಸಾಲಿನಲ್ಲಿ ಮಾದರಿ ತೆಗೆಯಲು ಬೆಳಗ್ಗೆ ಆರಕ್ಕೆ ಮೊದಲು ಬರಬೇಕೆಂದು, ಯಾವ ಜಾಗಕ್ಕೆ ಎಂದೂ ಸೇರಿಸಿ ಬರೆಯಿರಿ, ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಡಬೇಡಿ.